ಒಂದೂವರೆಯಿಂದ ಎರಡೂವರೆ

ಊಟದ ಟೈಮಲ್ಲಿ ಹೊರಗಿನ ಕೆಲಸ ಮುಗಿಸಿಕೊಂಡು ಬರ್ತೀನಿ ಅಂತ ಯಾರಾದರೂ ಬ್ಯಾಗ್ ಹೆಗಲಿಗೆ ಹಾಕಿದರೆ ನನಗೆ ನಗು ಬರುತ್ತದೆ. ಬೆಂಗಳೂರಿನ ಮಾತು ಬೇರೆ. ದಾವಣಗೆರೆಯಲ್ಲಿ ನೀವು ಊಟಕ್ಕೆ ಎದ್ದ ಹೊತ್ತಿಗೆ ಅರ್ಧ ಊರು ಊಟಕ್ಕೆ ಎದ್ದಿರುತ್ತದೆ. ಟೇಲರ್ ಮಷೀನಿಗೆ ಬಟ್ಟೆ ಮುಚ್ಚಿ ಮನೆಗೆ ಹೋಗಿರುತ್ತಾನೆ. ಪಾತ್ರೆ ಅಂಗಡಿಯ ಗಲ್ಲಾದ ಮೇಲೆ ಮಾಲೀಕರ ಬದಲು ಅವರ ಸಣ್ಣ ಮಗ ಕೂತು ಮೊಬೈಲ್ ನೋಡುತ್ತಿರುತ್ತಾನೆ. ಕುಕ್ಕರ್ ರೇಟು ಕೇಳಿದರೆ, "ಅಪ್ಪ ಉಣ್ಣಾಕೆ ಹೋಗ್ಯಾರೆ, ಮೂರಕ್ಕೆ ಬರ್ರಿ ಅಕ್ಕಾ" ಅನ್ನುತ್ತಾನೆ, ತಲೆ ಎತ್ತದೆ. ಯಾವುದಾದರೂ ಆಫೀಸಿನ ಕೌಂಟರಿಗೆ ಹೋದರೆ ಕುರ್ಚಿಯ ಬೆನ್ನಿಗೆ ಟವೆಲ್ ಇದೆ, ಫ್ಯಾನ್ ತಿರುಗುತ್ತಿದೆ, ಮನುಷ್ಯ ಇಲ್ಲ. ಅವರನ್ನು ಬೈಯುವ ಹಾಗೂ ಇಲ್ಲ. ನಮಗೆ ಹಸಿವಾದ ಹೊತ್ತಿಗೆ ಅವರಿಗೂ ಹಸಿವಾಗುತ್ತದಲ್ವಾ?

ಹಾಗಾಗಿ ಬಿಸಿಲಲ್ಲಿ ಸ್ಕೂಟಿ ಸುತ್ತಿಸಿ, ಕೆಲಸವೂ ಆಗದೆ, ಊಟವೂ ಆಗದೆ, ಎರಡೂಮುಕ್ಕಾಲಿಗೆ ಮುಖ ಕೆಂಪು ಮಾಡಿಕೊಂಡು ವಾಪಸ್ ಬರುವವರನ್ನು ನಮ್ಮ ಆಫೀಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಬಂದವರು ಕಂಪ್ಯೂಟರ್ ಮುಂದೆ ಕೂತೇ ಡಬ್ಬಿ ತೆಗೆಯುತ್ತಾರೆ. ಆಮೇಲೆ ಕೀಬೋರ್ಡಿನ ಸಂದಿಯಲ್ಲಿ ಶೇಂಗಾ ಚಟ್ನಿಪುಡಿ.

ಒಂದೇ ಒಂದು ಕೆಲಸಕ್ಕೆ ಮಾತ್ರ ಈ ಹೊತ್ತು ಒಳ್ಳೆಯದು. ಸೀರೆ ನೋಡುವುದು. ಮಧ್ಯಾಹ್ನ ಎರಡಕ್ಕೆ ದೊಡ್ಡ ಬಟ್ಟೆ ಅಂಗಡಿಗಳು ಖಾಲಿ ಇರುತ್ತವೆ, ಒಳಗೆ ಎಸಿ ಇರುತ್ತದೆ, ಸೇಲ್ಸ್ ಹುಡುಗರು ಬೇಸರದಲ್ಲಿ ಕೂತಿರುತ್ತಾರೆ. ಸಂಜೆ ಕೇಳಿದರೆ ಮುಖ ಸಿಂಡರಿಸುವವರು ಆಗ ಇಡೀ ಕಪಾಟು ಇಳಿಸುತ್ತಾರೆ. ಆದರೆ ಅರ್ಧ ಗಂಟೆಯಲ್ಲಿ ಸೀರೆ ಆರಿಸಿಕೊಂಡು ಬಂದ ಹೆಂಗಸನ್ನು ನಾನಂತೂ ಇನ್ನೂ ಕಂಡಿಲ್ಲ. ನೋಡಿ ಬರುವುದಕ್ಕಷ್ಟೇ.

ನಾನು ಕೆಲಸ ಮಾಡುವುದು ಪಿ.ಜೆ. ಬಡಾವಣೆಯಲ್ಲಿ ಒಬ್ಬ ಆಡಿಟರ್ ಹತ್ತಿರ. ಮೊದಲ ಮಹಡಿ, ಕೆಳಗೆ ಜೆರಾಕ್ಸ್ ಅಂಗಡಿ. ಜಯದೇವ ಸರ್ಕಲ್ ಹತ್ತಿರವೇ, ಹಾಗಾಗಿ ಪ್ರತಿಭಟನೆ ಇದ್ದ ದಿನ ಮೈಕಿನ ಧಿಕ್ಕಾರ ಕೇಳುತ್ತಲೇ ಉಣ್ಣುತ್ತೇವೆ. ಹತ್ತಕ್ಕೆ ಆಫೀಸು ಶುರು, ಒಂದೂವರೆಯಿಂದ ಎರಡೂವರೆ ಊಟ. ಒಂದು ಗಂಟೆ ಅಂದರೆ ಉದಾರವಾಗಿ ಕೊಟ್ಟ ಹಾಗೆ ಕಾಣಬಹುದು. ಸರ್ ಕೂಡ ಹಾಗೇ ಅಂದುಕೊಂಡಿದ್ದರು ಅಂತ ಕಾಣುತ್ತೆ. ಆದರೆ ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ 1961ರ ಕಾಯ್ದೆ ಅಂತ ಒಂದಿದೆ. ಒಬ್ಬರಿಂದ ಒಂದೇ ಸಮ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು, ನಡುವೆ ಕನಿಷ್ಠ 1 ಗಂಟೆ ವಿರಾಮ ಕೊಡಬೇಕು ಅಂತ ಅದರಲ್ಲಿದೆ. ಅಂಗಡಿಯವರ ಲೆಕ್ಕ ಬರೆಯುವವರಿಗೆ ಇಷ್ಟಾದರೂ ಗೊತ್ತಿರಬೇಕಲ್ಲ.

ಕಾಯ್ದೆ ಇದ್ದರೇನು, ನಮ್ಮ ಗಂಟೆ ಕ್ಯಾಲೆಂಡರ್ ಹೇಳಿದ ಹಾಗೆ ಕುಗ್ಗುತ್ತದೆ, ಹಿಗ್ಗುತ್ತದೆ. ಆಡಿಟರ್ ಆಫೀಸಿನವರಿಗೆ ತಿಂಗಳಲ್ಲಿ ವಾರಗಳಿಲ್ಲ, ತಾರೀಖುಗಳಿವೆ. 7ಕ್ಕೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ, ಕಟ್ಟಬೇಕು. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. 15ಕ್ಕೆ ನೌಕರರ ಪಿಎಫ್, ಇಎಸ್‌ಐ. 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ಜೊತೆಗೆ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಪಾರ್ಟಿಗಳು, ಅಂದರೆ ನಮ್ಮ ಹತ್ತಿರ ಲೆಕ್ಕ ಬರೆಸುವವರು, ಐವತ್ತು ರೂಪಾಯಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ, "ನೀವು ಮರೆತ್ರಲ್ಲ ಮೇಡಮ್ಮೋರೆ" ಅನ್ನುವುದಕ್ಕೆ ಒಂದು ಅವಕಾಶ ಸಿಕ್ಕಿತಲ್ಲ, ಅದನ್ನು ಬಿಡುವುದಿಲ್ಲ. ಹಾಗಾಗಿ 19, 20ನೇ ತಾರೀಖು ನಮ್ಮ ಆಫೀಸಿನಲ್ಲಿ ಊಟ ಅನ್ನುವುದು ಎಡಗೈಯಲ್ಲಿ ಮೌಸ್, ಬಲಗೈಯಲ್ಲಿ ತುತ್ತು. ಪೋರ್ಟಲ್ ಗಿರ್‍ರನೆ ತಿರುಗುವಾಗ ಒಂದು ತುತ್ತು, ಓಟಿಪಿ ಬರುವ ತನಕ ಇನ್ನೊಂದು.

ಅಂಥ ದಿನ ಬಿಡಿ. ಮಿಕ್ಕ ದಿನವೂ ಹಾಗೇ ಉಣ್ಣುತ್ತೇವಲ್ಲ, ಅದರ ಬಗ್ಗೆ ನನ್ನ ತಕರಾರು. ಎರಡನೇ ತಾರೀಖಿಗೆ ಯಾವ ತುರ್ತೂ ಇಲ್ಲ. ಆದರೂ ಡಬ್ಬಿ ಟೇಬಲ್ಲಿಗೇ ಬರುತ್ತದೆ. ಒಂದು ಕಡೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಒಂದು ಕಡೆ ಮೊಬೈಲಲ್ಲಿ ರೀಲ್ಸ್. ಹತ್ತೇ ನಿಮಿಷಕ್ಕೆ ಡಬ್ಬಿ ಖಾಲಿ. ಏನು ತಿಂದೆ ಅಂತ ಕೇಳಿದರೆ ಯೋಚನೆ ಮಾಡಬೇಕು. ಮಿಕ್ಕ ಐವತ್ತು ನಿಮಿಷ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಊಟ ಅಂದರೆ ಹೇಗಿರಬೇಕು ಅಂತ ನೋಡಬೇಕಾದರೆ ನಮ್ಮ ಅಟೆಂಡರ್ ಅಜ್ಜನನ್ನು ನೋಡಬೇಕು. ಹೆಸರು ಬೇಡ, ಅವರಿಗೆ ಮುಜುಗರ. ಒಂದೂವರೆ ಆಯಿತು ಅಂತ ಯಾರೂ ಹೇಳಬೇಕಿಲ್ಲ. ರೆಕಾರ್ಡ್ ರೂಮಿನ ಮೂಲೆಯಲ್ಲಿ ಹಿಂದಿನ ದಿನದ ಪೇಪರ್ ಹಾಸುತ್ತಾರೆ. ಕೈ ತೊಳೆದು ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಬಿಳಿ ಬಟ್ಟೆಯ ಗಂಟು ಬಿಚ್ಚಿದರೆ ಕಟಕ್ ರೊಟ್ಟಿ. ಅದನ್ನು ಮೊದಲು ಎರಡು ಮಾಡಿ, ಮತ್ತೆ ಎರಡು ಮಾಡಿ, ಒಂದು ಚೂರೂ ಪೇಪರ್ ದಾಟಿ ಹೊರಗೆ ಬೀಳದ ಹಾಗೆ ಮುರಿಯುತ್ತಾರೆ. ಮಡಕೆಕಾಳಿನ ಪಲ್ಯ ಇದ್ದರೆ ಅದರ ರಸದಲ್ಲಿ ತುಂಡನ್ನು ಅದ್ದಿ ಒಂದು ಕ್ಷಣ ಬಿಡುತ್ತಾರೆ. ತೀರ ಮೆತ್ತಗಾಗಬಾರದು, ಹಲ್ಲಿಗೆ ಗಟ್ಟಿಯೂ ಇರಬಾರದು. ಅಜ್ಜನಿಗೆ ಹಲ್ಲು ಕಡಿಮೆ, ಅದಕ್ಕೇ ಈ ಲೆಕ್ಕ ಪಕ್ಕಾ. ಗುರೆಳ್ಳು ಚಟ್ನಿಪುಡಿಯ ಮಧ್ಯೆ ಗುಳಿ ಮಾಡಿ ಮೊಸರು ಬಿಡುತ್ತಾರೆ. ಕೊನೆಗೆ ಸ್ವಲ್ಪ ಅನ್ನ ಮಜ್ಜಿಗೆ. ಈರುಳ್ಳಿಯನ್ನು ಚಾಕುವಿನಲ್ಲಿ ಹೆಚ್ಚಿದ್ದು ನಾನು ನೋಡಿಲ್ಲ, ಅಂಗೈಯಲ್ಲಿ ಗುದ್ದಿಯೇ ಒಡೆಯುವುದು. ಉಣ್ಣುವಾಗ ಮಾತಿಲ್ಲ. ಸರ್ ಕರೆದರೂ "ಉಣ್ಣಾಕತ್ತೀನ್ರಿ" ಅನ್ನುವ ಒಂದೇ ಉತ್ತರ. ಸರ್ ಸುಮ್ನೆ ಆಗುತ್ತಾರೆ.

ಉಂಡ ಮೇಲೆ ಹಳೆ ಫೈಲುಗಳ ಕಟ್ಟಿಗೆ ತಲೆ ಕೊಟ್ಟು ಮಲಗುತ್ತಾರೆ. ಯಾರದೋ 2011ನೇ ಇಸವಿಯ ಲೆಡ್ಜರ್ ಅವರ ದಿಂಬು. ಮುಖದ ಮೇಲೆ ಟವೆಲ್. ಅಲಾರಾಂ ಇಲ್ಲ, ಯಾರೂ ಎಬ್ಬಿಸುವುದಿಲ್ಲ. ಕಾಲು ಗಂಟೆಗೆ ಸರಿಯಾಗಿ ಎದ್ದು ಕೂರುತ್ತಾರೆ. ಇದು ಹೇಗೆ ಅಂತ ಒಮ್ಮೆ ಕೇಳಿದೆ. "ಮಿಲ್ಲಿನಾಗ ಕಲ್ತಿದ್ದು" ಅಂದರು.

ಅಜ್ಜ ಹುಡುಗನಾಗಿದ್ದಾಗ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿದ್ದರು. ಈಗಿನ ಹುಡುಗರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ ಮತ್ತು ಕಾಲೇಜು. ಒಂದು ಕಾಲಕ್ಕೆ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಊರಿನ ದಿನ ನಡೆಯುತ್ತಿದ್ದದ್ದೇ ಮಿಲ್ಲಿನ ಸೈರನ್ ಮೇಲೆ. ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಅಜ್ಜ ಹೇಳುವ ಪ್ರಕಾರ ಗಿರಣಿಯಲ್ಲಿ ಊಟಕ್ಕೆ ಅರ್ಧ ಗಂಟೆ. ಅದೂ ಪುಕ್ಕಟೆ ಬಂದದ್ದಲ್ಲ. 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು: 5 ಗಂಟೆ ಕೆಲಸ ಆದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ. 150ಕ್ಕಿಂತ ಜಾಸ್ತಿ ಕಾರ್ಮಿಕರಿದ್ದರೆ ಕೂತು ಉಣ್ಣಲು, ಕುಡಿಯುವ ನೀರಿರುವ ಒಂದು ಕೋಣೆ. 250 ದಾಟಿದರೆ ಕ್ಯಾಂಟೀನ್ ಕೂಡ. ಅಜ್ಜನಿಗೆ ಸೆಕ್ಷನ್ ನಂಬರ್ ಗೊತ್ತಿಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಎಷ್ಟು ಉಣ್ಣುವುದು, ಎಷ್ಟು ಬೀಡಿ, ಎಷ್ಟು ನಿದ್ದೆ ಅನ್ನುವುದು ಮೈಗೆ ಹತ್ತಿಬಿಟ್ಟಿದೆ. "ಮಷೀನು ಯಾರಿಗೂ ಕಾಯಲ್ಲಮ್ಮಾ. ನಮ್ಮ ಟೈಮು ಅಂದ್ರೆ ಅದೊಂದೇ. ಅದನ್ನ ಇನ್ನೊಬ್ರಿಗೆ ಕೊಟ್ರೆ ಮುಗೀತು" ಅಂದರು. ಬೀಡಿ ಈಗ ಬಿಟ್ಟಿದ್ದಾರೆ, ಆ ಪಾಲು ನಿದ್ದೆಗೆ ಸೇರಿದೆ.

ಅಜ್ಜನ ಕಾಲು ಗಂಟೆ ನಿದ್ದೆ ವೈದ್ಯರು ಹೇಳುವ ಲೆಕ್ಕಕ್ಕೂ ಸರಿಯಾಗಿದೆ ಅನ್ನುವುದು ತಮಾಷೆ. ಮಧ್ಯಾಹ್ನದ ಜೋಂಪಿಗೆ ಊಟ ಒಂದೇ ಕಾರಣ ಅಲ್ಲ. ಉಣ್ಣದೆ ಇದ್ದರೂ ಒಂದರಿಂದ ಮೂರರ ನಡುವೆ ಮೈ ಸಡಿಲವಾಗುತ್ತದೆ, ದೇಹದ ಒಳಗಿನ ಗಡಿಯಾರವೇ ಹಾಗಿದೆ. ಹೊಟ್ಟೆ ಬಿರಿಯುವಷ್ಟು ಅನ್ನ ಉಂಡರೆ ಅದು ಇನ್ನೂ ಜಾಸ್ತಿ. ಹತ್ತರಿಂದ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಹಗುರವಾಗಿ ಏಳಬಹುದು. ಅರ್ಧ ಗಂಟೆ ದಾಟಿ ಗಾಢ ನಿದ್ದೆಗೆ ಇಳಿದರೆ ಎದ್ದ ಮೇಲೆ ಮಂಕು ಕವಿಯುತ್ತದೆ. ನಮ್ಮಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದಿನ ತರಬೇತಿ, ಮಾಡುವ ಹುಡುಗರು ಪಕ್ಕದಲ್ಲೇ ರೂಮು ಅಂತ ಹೋಗಿ ಮಲಗಿ ಮೂರು ಗಂಟೆಗೆ ಕೆನ್ನೆ ಮೇಲೆ ದಿಂಬಿನ ಗೆರೆ ಹೊತ್ತು ಬರುತ್ತಾರೆ. ಆಮೇಲೆ ನಾಲ್ಕರ ತನಕ ಅವರಿಗೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ತಿಳಿಯುವುದಿಲ್ಲ.

ಅವರದ್ದೇ ಇನ್ನೊಂದು ಚಟ, ಮಧ್ಯಾಹ್ನಕ್ಕೆ ಬೆಣ್ಣೆ ದೋಸೆ. ನಮ್ಮೂರ ದೋಸೆಯ ಬಗ್ಗೆ ಕೆಟ್ಟದ್ದು ಹೇಳುವ ಧೈರ್ಯ ನನಗಿಲ್ಲ. ಸೌದೆ ಒಲೆಯ ಮೇಲೆ, ಕಾವಲಿ ತುಂಬ ಸಾಲಾಗಿ ಹುಯ್ದು, ಬೆಣ್ಣೆ ಬಿಟ್ಟು, ಅದು ಅಂಚಿನಲ್ಲಿ ನೊರೆಯಾಗಿ ಕುದಿಯುವುದನ್ನು ನೋಡುತ್ತ ನಿಂತರೆ ಯಾರಿಗೆ ತಾನೇ ಸಾಕು ಅನಿಸುತ್ತದೆ? ಮೇಲೆ ಇನ್ನೊಂದು ಮುದ್ದೆ ಬೆಣ್ಣೆ, ಪಕ್ಕಕ್ಕೆ ಖಾರವಿಲ್ಲದ ಆಲೂಗೆಡ್ಡೆ ಪಲ್ಯ, ನೀರಾಗಿರುವ ಕಾಯಿ ಚಟ್ನಿ. ಆದರೆ ಅದು ಬೆಳಗಿನ ತಿಂಡಿ, ಇಲ್ಲಾಂದ್ರೆ ಭಾನುವಾರದ್ದು. ಒಂದೂವರೆಗೆ ಅದನ್ನು ತಿಂದು ಬಂದವರ ಕೈಲಿ ಎರಡೂವರೆಗೆ ಲೆಕ್ಕ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ಕೊಡಬಾರದು. ಮಿರ್ಚಿ ಮಂಡಕ್ಕಿಗೂ ಒಂದು ಹೊತ್ತಿದೆ, ಸಂಜೆ ಐದರ ಮೇಲೆ. ಮಧ್ಯಾಹ್ನಕ್ಕೆ ಡಬ್ಬಿ ತರದವರಿಗೆ ನಾನು ಹೇಳುವುದು ಖಾನಾವಳಿ. ರೊಟ್ಟಿ, ಎಣ್ಣೆಗಾಯಿ, ಕಾಳು, ಹಸಿ ಸೊಪ್ಪು, ಮೊಸರು. ಅನ್ನ ಕೊನೆಗೆ ಬರುವುದರಿಂದ ತಾನಾಗೇ ಕಡಿಮೆ ಆಗುತ್ತದೆ.

ಊಟ ಆದ ತಕ್ಷಣ ಟೀ ಕುಡಿಯುವ ರೂಢಿಯನ್ನು ನಾನು ಬಿಟ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ ಕಾಫಿ ಬೇಡ ಅಂತಿದೆ. ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನನಗೆ ರಕ್ತ ಕಡಿಮೆ ಅಂತ ಡಾಕ್ಟರು ಮಾತ್ರೆ ಬರೆದಿದ್ದಾರೆ. ಬೆಳಗ್ಗೆ ಎದ್ದು ಪುಂಡಿ ಪಲ್ಯ ಮಾಡಿ ಡಬ್ಬಿಗೆ ತುಂಬುವುದು, ಮಧ್ಯಾಹ್ನ ಟೀ ಕುಡಿದು ಅದನ್ನು ವ್ಯರ್ಥ ಮಾಡುವುದು, ಯಾಕೆ ಬೇಕು? ಈಗ ನನ್ನ ಟೀ ಮೂರೂವರೆಗೆ.

ಊಟ ಆದ ಮೇಲೆ ಹತ್ತು ನಿಮಿಷ ನಡೆಯಿರಿ, ಸಕ್ಕರೆ ಅಷ್ಟು ಏರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತು. ನಡೆದಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಆದರೆ ಏಪ್ರಿಲ್‌ನ ದಾವಣಗೆರೆಯಲ್ಲಿ, 38 ಡಿಗ್ರಿ ಬಿಸಿಲಲ್ಲಿ, ಮಧ್ಯಾಹ್ನ ಎರಡಕ್ಕೆ ರಸ್ತೆಯಲ್ಲಿ ವಾಕಿಂಗ್ ಮಾಡಿ ಅನ್ನುವವರು ಒಮ್ಮೆ ಪಿ.ಬಿ. ರಸ್ತೆಯಲ್ಲಿ ಮಾಡಿ ತೋರಿಸಲಿ. ನಾನು ಕಾಂಪ್ಲೆಕ್ಸಿನ ಒಳಗಿನ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ಮಳೆ ಬಿದ್ದ ಮೇಲೆ, ಜೂನ್ ಜುಲೈನಲ್ಲಿ, ಬೀದಿಗೆ ಇಳಿಯುತ್ತೇನೆ. ವರಾಂಡದ ಕೊನೆಯಲ್ಲಿ ಒಬ್ಬ ದಂತವೈದ್ಯರಿದ್ದಾರೆ. ಅವರ ರಿಸೆಪ್ಷನ್ ಹುಡುಗಿ ಮೊದಮೊದಲು ನಾನು ಹಲ್ಲು ತೋರಿಸಲು ಬಂದು ಹೆದರಿ ವಾಪಸ್ ಹೋಗುತ್ತಿದ್ದೇನೆ ಅಂದುಕೊಂಡಿದ್ದಳಂತೆ.

ನಡೆಯುವಾಗ ಅವ್ವನಿಗೆ ಫೋನ್. ಇದೇ ನನ್ನ ಮಧ್ಯಾಹ್ನದ ನಿಜವಾದ ಸಂಪಾದನೆ. ಮೊದಲು ರಾತ್ರಿ ಮಾಡುತ್ತಿದ್ದೆ. ರಾತ್ರಿ ನನಗೆ ಪಾತ್ರೆ, ಮಗನ ಹೋಂವರ್ಕ್, ಅವ್ವನಿಗೆ ಧಾರಾವಾಹಿ. ಇಬ್ಬರಿಗೂ ಯಾವಾಗ ಮುಗಿಯುತ್ತದೋ ಅಂತಿರುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಅವ್ವನೂ ಉಂಡು, ಚನ್ನಗಿರಿ ಕಡೆಯ ನಮ್ಮ ಹಳ್ಳಿಮನೆಯ ಕಟ್ಟೆ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾಳೆ. ಆ ಹೊತ್ತಿನ ಅವ್ವ ಬೇರೆಯೇ.

"ಊಟ ಆತಾ?"

"ಆತವ್ವ. ನಿಂದು?"

"ಆತು. ಏನ್ ಮಾಡಿದ್ದಿ?"

ಇಷ್ಟು ಆದ ಮೇಲೆ ಅಡಿಕೆ ಶುರು. ಸುಲಿಯುವವರು ಬಂದಿಲ್ಲ, ಬಂದವರು ಕೂಲಿ ಜಾಸ್ತಿ ಕೇಳುತ್ತಾರೆ, ಬೇಯಿಸಿದ್ದು ಒಣಗುವ ಮುಂಚೆ ಮೋಡ ಹಾಕಿದೆ, ನಿನ್ನೆ ರಾಶಿ ಅಡಿಕೆ ಕ್ವಿಂಟಲ್‌ಗೆ ಎಷ್ಟಾಯಿತು ಗೊತ್ತಾ? ನನಗೆ ಗೊತ್ತಿರುತ್ತದೆ, ನಮ್ಮ ಪಾರ್ಟಿಗಳಲ್ಲಿ ಅರ್ಧ ಅಡಿಕೆ ವ್ಯಾಪಾರದವರೇ. ಆದರೂ ಗೊತ್ತಿಲ್ಲ ಅನ್ನುತ್ತೇನೆ. ರೇಟು ಹೇಳುವಾಗ ಅವ್ವನ ದನಿ ಏರುವುದನ್ನು ಕೇಳಬೇಕು. ಅಪ್ಪ ಇದ್ದಾಗ ತೋಟದ ಲೆಕ್ಕ ಅವ್ವನ ಕಿವಿಗೇ ಬೀಳುತ್ತಿರಲಿಲ್ಲ. ಈಗ ಯಾವ ಮಂಡಿಯವರು ತೂಕದಲ್ಲಿ ಹಿಡಿಯುತ್ತಾರೆ, ಯಾರು ದುಡ್ಡು ಬೇಗ ಕೊಡುತ್ತಾರೆ, ಎಲ್ಲ ನಾಲಿಗೆ ತುದಿಯಲ್ಲಿ. "ಇಡ್ಲಾ?" ಅಂತ ಅವಳೇ ಮೊದಲು ಕೇಳುವುದು. ಅಷ್ಟೊತ್ತಿಗೆ ನಾನು ದಂತವೈದ್ಯರ ಬಾಗಿಲು ಎಷ್ಟು ಸಲ ಮುಟ್ಟಿ ಬಂದೆನೋ ಲೆಕ್ಕವಿಲ್ಲ.

ಒಂದು ಗಂಟೆಯಲ್ಲಿ ಇಷ್ಟೇ ನನ್ನ ಕೆಲಸ. ಕೂತು ಉಣ್ಣುವುದು, ನಡೆಯುವುದು, ಅವ್ವ. ಸಮಯ ಉಳಿದರೆ ಕುರ್ಚಿಗೆ ಒರಗಿ ಕಣ್ಣು ಮುಚ್ಚುವುದು. ಇನ್ನೊಬ್ಬರು ಬಾಗಿಲು ತೆರೆಯಬೇಕಾದ ಯಾವ ಕೆಲಸವನ್ನೂ ಈ ಗಂಟೆಗೆ ಇಟ್ಟುಕೊಳ್ಳುವುದಿಲ್ಲ. ಬೆಸ್ಕಾಂ ಬಿಲ್ಲು ಫೋನಿನಲ್ಲೇ ಕಟ್ಟಬಹುದು. ಟೇಲರ್ ಹತ್ತಿರ ಸಂಜೆ ಹೋಗಬಹುದು, ಮಧ್ಯಾಹ್ನ ಸಿಕ್ಕಿದ್ದರೂ ಅವನು ಹೇಗಿದ್ದರೂ "ನಾಳೆ" ಅನ್ನುತ್ತಿದ್ದ.

ಇಷ್ಟಕ್ಕೂ ನಮ್ಮ ಒಂದು ಗಂಟೆಯನ್ನು ಬೇರೆಯವರು ಬಿಡಬೇಕಲ್ಲ. ಆಫೀಸಿನ ಫೋನ್ ಸರಿಯಾಗಿ ಒಂದೂಮುಕ್ಕಾಲಿಗೇ ಹೊಡೆದುಕೊಳ್ಳುತ್ತದೆ. ರೈಸ್‌ಮಿಲ್‌ನವರು, ಮಂಡಿಯವರು, ಅಂಗಡಿಯವರು, ಅವರಿಗೆಲ್ಲ ಆಗ ವ್ಯಾಪಾರ ತಣ್ಣಗಿರುತ್ತದೆ, ಆಡಿಟರ್ ನೆನಪಾಗುತ್ತಾರೆ. ಈಗ ಸರದಿ ಮಾಡಿಕೊಂಡಿದ್ದೇವೆ. ದಿನಕ್ಕೆ ಒಬ್ಬರು ಫೋನ್ ಎತ್ತಿ, ಹೆಸರು ಬರೆದುಕೊಂಡು, "ಎರಡೂವರೆಗೆ ನಾವೇ ಮಾಡ್ತೀವಿ ಸರ್" ಅನ್ನಬೇಕು. ಮಿಕ್ಕವರು ಆ ಕಡೆ ತಿರುಗಿಯೂ ನೋಡುವ ಹಾಗಿಲ್ಲ. ಒಂದು ವಾರ ಪಾರ್ಟಿಗಳು ಗೊಣಗಿದರು. ಆಮೇಲೆ ಅವರೇ "ಊಟ ಆದ ಮ್ಯಾಲೆ ಮಾಡ್ರಿ" ಅನ್ನತೊಡಗಿದರು.

ಈ ನಿಯಮಕ್ಕೆ ಬಗ್ಗದವರು ಒಬ್ಬರಿದ್ದಾರೆ, ಚೌಕಿಪೇಟೆಯ ಬಟ್ಟೆ ವ್ಯಾಪಾರಿ. ಫೋನ್ ಮಾಡುವ ಗಿರಾಕಿಯೇ ಅಲ್ಲ. ಮಗನನ್ನು ಗಲ್ಲಾಕ್ಕೆ ಕೂರಿಸಿ, ಬಿಲ್ಲು ತುಂಬಿದ ಕೈಚೀಲ ಹಿಡಿದು, ಎರಡು ಗಂಟೆಗೆ ಸೀದಾ ಮೆಟ್ಟಿಲು ಹತ್ತಿ ಬರುತ್ತಾರೆ. ತಮ್ಮ ಊಟದ ಹೊತ್ತಿನಲ್ಲಿ ಹೊರಗಿನ ಕೆಲಸ ಮುಗಿಸಿಕೊಂಡು ಹೋಗಲು ಬಂದವರು. ಅಂದರೆ ಅವರ ಹೊರಗಿನ ಕೆಲಸ ನಾವು! ಮೊದಲ ಸಲ ಅಜ್ಜನೇ ಅವರನ್ನು ತಡೆದದ್ದು. "ಉಂಡೀರೇನ್ರಿ ಸಾವ್ಕಾರ್ರೆ?" ಅಂದರು. ಇಲ್ಲ ಅಂದಿದ್ದಕ್ಕೆ ಪೇಪರಿನ ಇನ್ನೊಂದು ಹಾಳೆ ಹಾಸಿ, "ಬರ್ರಿ, ಕುಂದ್ರಿ" ಅಂತ ಎರಡು ರೊಟ್ಟಿ ಮುಂದಿಟ್ಟರು. ಇಲ್ಲ ಅನ್ನಲಾಗದೆ ಕೂತರು. ಉಣ್ಣುವಾಗ ಬಿಲ್ಲಿನ ಮಾತೆತ್ತಿದರೆ ಅಜ್ಜ ಉತ್ತರವನ್ನೇ ಕೊಡುವುದಿಲ್ಲ. ಈಗ ತಿಂಗಳಿಗೊಮ್ಮೆ ಎರಡು ಗಂಟೆಗೆ ಸಾವ್ಕಾರರು ನಮ್ಮ ಪಂಕ್ತಿಗೆ ಬಂದು ಕೂರುತ್ತಾರೆ, ಮನೆಯಿಂದ ಏನಾದರೂ ಕಟ್ಟಿಸಿಕೊಂಡೇ ಬರುತ್ತಾರೆ, ಎರಡೂವರೆಯ ಮೇಲೆ ಚೀಲ ಬಿಚ್ಚುತ್ತಾರೆ.

ಹೋದ ತಿಂಗಳು 19ಕ್ಕೆ ಬಂದಿದ್ದರು. ಒಂದು ಕೈಯಲ್ಲಿ ಹೋಳಿಗೆ ಡಬ್ಬಿ, ಇನ್ನೊಂದು ಕೈಯಲ್ಲಿ ತುಪ್ಪದ ಗಿಂಡಿ. ಬಿಲ್ಲಿನ ಚೀಲವನ್ನು ಅಂಗಡಿಯಲ್ಲೇ ಮರೆತು ಬಂದಿದ್ದರು. ಮಾರನೇ ದಿನ 3ಬಿ ಕೊನೆಯ ತಾರೀಖು. ನಾವು ಮೊದಲು ಹೋಳಿಗೆ ತಿಂದೆವು.